ಕಾಲೇಜು ತೊರೆದ ಹುಡುಗ, ಕಾಡಿಗಾಗಿ ನಿಂತ ಕಾರಂತ

ಕೊಡಚಾದ್ರಿಯ ಇಳಿಜಾರಿನಲ್ಲಿ ಹುಟ್ಟುವ ಸೌಪರ್ಣಿಕಾ ನದಿ ಕೊಲ್ಲೂರಿನ ಮಗ್ಗುಲಲ್ಲಿ ಹರಿದು ಮರವಂತೆಯವರೆಗೆ ಬರುತ್ತದೆ. ಕಡಲು ಅಲ್ಲಿ ಕೂಗಳತೆಯ ದೂರದಲ್ಲಿದ್ದರೂ ಅದನ್ನು ಸೇರದೆ ದಕ್ಷಿಣಕ್ಕೆ ತಿರುಗಿ, ಗಂಗೊಳ್ಳಿಯಲ್ಲಿ ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ನದಿಗಳ ಜೊತೆಗೂಡಿಯೇ ಸಮುದ್ರ ಸೇರುತ್ತದೆ. ಈ ನದಿಯ ದಡದಲ್ಲಿ, ತ್ರಾಸಿ-ಮರವಂತೆಯ ಮರಳಿನಲ್ಲಿ ರಜಾದಿನಗಳಂದು ಕೈಗವಸು ತೊಟ್ಟು ಪ್ಲಾಸ್ಟಿಕ್ ಹೆಕ್ಕುವ ಕಾಲೇಜು ವಿದ್ಯಾರ್ಥಿಗಳು ಕಾಣಸಿಗುತ್ತಾರೆ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ಗಿಡ ನೆಡುವುದು, ಇಂಗುಗುಂಡಿ ತೋಡುವುದು ಕರಾವಳಿಯ ಕಾಲೇಜುಗಳಿಗೆ ಈಗ ವಾರ್ಷಿಕ ವಾಡಿಕೆ.

ಆ ಯೋಜನೆ ಆರಂಭವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧಿ ಜನ್ಮಶತಾಬ್ದಿಯ ವರ್ಷದಲ್ಲಿ. 37 ವಿಶ್ವವಿದ್ಯಾನಿಲಯಗಳ 40 ಸಾವಿರ ವಿದ್ಯಾರ್ಥಿಗಳು ಮೊದಲ ತಂಡದಲ್ಲಿದ್ದರು. ಅದಕ್ಕೂ ಅರ್ಧ ಶತಮಾನದಷ್ಟು ಹಿಂದೆಯೇ ಇದೇ ಸೀಮೆಯ ವಿದ್ಯಾರ್ಥಿಯೊಬ್ಬ ಯಾವ ಯೋಜನೆಯೂ, ಪ್ರಮಾಣಪತ್ರವೂ ಇಲ್ಲದ ಕಾಲದಲ್ಲಿ ಸ್ವಯಂಸೇವಕನಾಗಿ ಹೊರಟಿದ್ದ. ಹೊರಟವನು ಮರಳಿ ತರಗತಿಗೆ ಬರಲೇ ಇಲ್ಲ. ಎಂಬತ್ತು ದಾಟಿದ ಮೇಲೂ ಅದೇ ಸ್ವಯಂಸೇವಕನಾಗಿ ಕಾಡು, ಗೋಮಾಳ, ನದಿಗಳ ಪರವಾಗಿ ಊರೂರು ಅಲೆದ. ಆತನೇ ಕೋಟ ಶಿವರಾಮ ಕಾರಂತ.

ಕೊಲ್ಲೂರಿನಿಂದ ಕಡಲಿಗಿಳಿದು ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಸಾಗಿದರೆ ಕುಂದಾಪುರ ದಾಟಿ ಸಿಗುವ ಊರು ಕೋಟ. ಇಂದು ಅದು ಬ್ರಹ್ಮಾವರ ತಾಲೂಕಿಗೆ ಸೇರಿದೆ, ಕೊಲ್ಲೂರು ಬೈಂದೂರು ತಾಲೂಕಿಗೆ. ಕಾರಂತರು ಹುಟ್ಟಿದ ಕಾಲಕ್ಕೆ ಇವೆಲ್ಲವೂ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. 1902ರ ಅಕ್ಟೋಬರ್ 10ರಂದು ಶೇಷ ಕಾರಂತ ಮತ್ತು ಲಕ್ಷ್ಮಮ್ಮ ದಂಪತಿಗೆ ಹುಟ್ಟಿದ ಮಗು, ಪೂರ್ವಕ್ಕೆ ಘಟ್ಟ, ಪಶ್ಚಿಮಕ್ಕೆ ಕಡಲು, ನಡುವೆ ಗದ್ದೆ-ಗಜನಿಗಳ ಕಿರಿದಾದ ನೆಲದಲ್ಲಿ ಬೆಳೆಯಿತು. ಮುಂದೆ ಅವರು ಬರೆದ ಬಹುಪಾಲು ಕಾದಂಬರಿಗಳ ಭೂಗೋಳವೂ ಇದೇ.

ಕುಂದಾಪುರದಲ್ಲಿ ಪ್ರೌಢಶಾಲೆ ಮುಗಿಸಿದ ಶಿವರಾಮ, ಮಂಗಳೂರಿನ ಸರಕಾರಿ ಕಾಲೇಜಿಗೆ ಸೇರಿದರು. ಅಷ್ಟರಲ್ಲಿ ಗಾಂಧೀಜಿಯ ಅಸಹಕಾರ ಚಳವಳಿಯ ಕರೆ ದೇಶವನ್ನೆಲ್ಲ ಅಲುಗಿಸಿತ್ತು. ಸರಕಾರಿ ಶಾಲೆ-ಕಾಲೇಜುಗಳನ್ನು ಬಿಟ್ಟು ಬನ್ನಿ ಎಂಬ ಆ ಕರೆಗೆ ಸಾವಿರಾರು ವಿದ್ಯಾರ್ಥಿಗಳು ಓಗೊಟ್ಟರು. ಅವರಲ್ಲಿ ಅನೇಕರು ಕಾವು ಇಳಿದ ಮೇಲೆ ತರಗತಿಗಳಿಗೆ ಹಿಂದಿರುಗಿ, ಪದವಿ ಪಡೆದು, ವಕೀಲರೂ ಅಧಿಕಾರಿಗಳೂ ಆದರು. ಹತ್ತೊಂಬತ್ತರ ಆಸುಪಾಸಿನ ಕಾರಂತರು ಹಿಂದಿರುಗಲಿಲ್ಲ. ಮಧ್ಯಮ ವರ್ಗದ ಮನೆಯೊಂದಕ್ಕೆ ಮಗನ ಪದವಿಯೇ ಆಸರೆಯೆಂದು ತೋರುತ್ತಿದ್ದ ಕಾಲದಲ್ಲಿ ಇದು ಸಣ್ಣ ತ್ಯಾಗವಲ್ಲ.

ಮಂಗಳೂರಿನ ಕಾರ್ನಾಡ್ ಸದಾಶಿವ ರಾಯರ ಮುಂದಾಳುತನದಲ್ಲಿ 1927ರವರೆಗೆ ಅವರು ಖಾದಿ ಮತ್ತು ಸ್ವದೇಶಿ ಪ್ರಚಾರದಲ್ಲಿ ತೊಡಗಿದ್ದರು. ಹಳ್ಳಿಯಿಂದ ಹಳ್ಳಿಗೆ ತಿರುಗಾಡಿದ ಆ ವರ್ಷಗಳೇ ಅವರ ನಿಜವಾದ ವಿಶ್ವವಿದ್ಯಾನಿಲಯ. ಯಾವ ಊರಲ್ಲಿ ಯಾರ ಬಳಿ ಎಷ್ಟು ನೆಲವಿದೆ, ಯಾರು ಏನು ಉಣ್ಣುತ್ತಾರೆ, ದಲಿತನಿಗೆ ಬೇಸಾಯದ ಭೂಮಿ ಏಕೆ ಸಿಗುವುದಿಲ್ಲ ಎಂಬುದೆಲ್ಲ ಅವರಿಗೆ ತಿಳಿದದ್ದು ಕಾಲ್ನಡಿಗೆಯಲ್ಲಿ. 1933ರ ‘ಚೋಮನ ದುಡಿ’ಯ ಬೇರು ಅಲ್ಲಿದೆ. ಇದೇ ಅವಧಿಯಲ್ಲಿ ‘ವಸಂತ’ ಎಂಬ ಮಾಸಿಕವನ್ನೂ ನಡೆಸಿದರು. ಕಾಂಗ್ರೆಸ್ಸಿನ ಕೆಲಸದಿಂದ ದೂರ ಸರಿದ ಬಳಿಕವೂ ಒಂದು ಅಭ್ಯಾಸ ಅವರಿಂದ ಹೋಗಲಿಲ್ಲ. ಯಾವ ಸಂಗತಿಯ ಬಗ್ಗೆಯೂ ಮಾತನಾಡುವ ಮೊದಲು ಅದನ್ನು ಕಣ್ಣಾರೆ ನೋಡಿ ಬರುವುದು ಆ ಅಭ್ಯಾಸ.

ಬಾಲವನದ ಪಾಠ

ಪುತ್ತೂರಿನಲ್ಲಿ ನೆಲೆಸಿದ ಕಾರಂತರು 1934ರಲ್ಲಿ ಮಕ್ಕಳ ಕೂಟವನ್ನು ಹುಟ್ಟುಹಾಕಿದರು. ಮುಂದೆ ಅಲ್ಲಿನ ಗುಡ್ಡದ ಮೇಲೆ ‘ಬಾಲವನ’ ರೂಪುಗೊಂಡಿತು. ಗೋಡೆಗಳ ನಡುವೆ ಕುಳ್ಳಿರಿಸಿ ಬಾಯಿಪಾಠ ಮಾಡಿಸುವ ಶಿಕ್ಷಣದ ಬಗ್ಗೆ, ಸ್ವತಃ ಕಾಲೇಜು ಬಿಟ್ಟಿದ್ದ ಈ ಮನುಷ್ಯನಿಗೆ ಎಳ್ಳಷ್ಟೂ ಗೌರವವಿರಲಿಲ್ಲ. ಆಟ, ನಾಟಕ, ಕುಣಿತ, ಚಿತ್ರ, ಮರ-ಗಿಡಗಳ ನಡುವಿನ ಸುತ್ತಾಟ, ಇವೇ ಬಾಲವನದ ಪಠ್ಯ. ಶಾಲೆಯ ಪ್ರಯೋಗ ಬಹುಕಾಲ ಬಾಳಲಿಲ್ಲ. ಹಣದ ಅಡಚಣೆ ಕಾರಂತರ ಬದುಕಿನ ಎಲ್ಲ ಪ್ರಯೋಗಗಳಿಗೂ ತಪ್ಪದ ನೆಂಟ.

ಶಾಲೆ ನಿಂತರೂ ಪಾಠ ನಿಲ್ಲಲಿಲ್ಲ. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು, ಅನಂತರ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಅವರು ಒಬ್ಬರೇ ಬರೆದರು. ವಿಶ್ವವಿದ್ಯಾನಿಲಯಗಳು ತಜ್ಞರ ಮಂಡಳಿ ಕಟ್ಟಿ ವರ್ಷಗಟ್ಟಲೆ ಮಾಡಬೇಕಾದ ಕೆಲಸವದು. ಕನ್ನಡದಲ್ಲಿ ಓದುವ ಹಳ್ಳಿಯ ಹುಡುಗನಿಗೂ ನಕ್ಷತ್ರ, ಕಲ್ಲು, ಮೀನು, ಹಕ್ಕಿಗಳ ವಿಚಾರ ಎಟುಕಬೇಕೆಂಬುದು ಅವರ ಹಟ. ಆ ಸಂಪುಟಗಳಲ್ಲಿನ ಅನೇಕ ಮಾಹಿತಿಗಳು ಇಂದು ಹಳತಾಗಿವೆ. ಆದರೆ ಕನ್ನಡದ ಒಂದು ಇಡೀ ತಲೆಮಾರಿನ ವಿಜ್ಞಾನ ಶಿಕ್ಷಕರು ಗ್ರಂಥಾಲಯಗಳಲ್ಲಿ ಈ ದಪ್ಪ ಪುಸ್ತಕಗಳನ್ನು ತಿರುವಿ ಹಾಕಿ ಬೆಳೆದವರು.

ಅವರ ಕಾದಂಬರಿಗಳಲ್ಲಿ ವಿದ್ಯಾವಂತ ತರುಣರು ಮತ್ತೆ ಮತ್ತೆ ಎದುರಾಗುತ್ತಾರೆ, ಮತ್ತೆ ಮತ್ತೆ ಮಣ್ಣಿನ ಕಡೆಗೆ ತಿರುಗುತ್ತಾರೆ. 1940ರ ದಶಕದ ಆರಂಭದಲ್ಲಿ ಬಂದ ‘ಮರಳಿ ಮಣ್ಣಿಗೆ’ ಮೂರು ತಲೆಮಾರುಗಳ ಕಥೆ. ಅದರ ಮೂರನೆಯ ತಲೆಮಾರಿನ ರಾಮ ವಿದ್ಯಾರ್ಥಿ ದೆಸೆಯಲ್ಲೇ ಚಳವಳಿಗೆ ಧುಮುಕಿ, ಪದವಿ ಪಡೆದೂ ನಗರಗಳಲ್ಲಿ ನೆಲೆ ಕಾಣದೆ, ಕಡೆಗೆ ಕಡಲ ದಂಡೆಯ ತನ್ನ ಊರಿಗೆ ಬಂದು ನೇಗಿಲು ಹಿಡಿಯುತ್ತಾನೆ. 1951ರ ‘ಚಿಗುರಿದ ಕನಸು’ವಿನಲ್ಲಿ ದೆಹಲಿಯಲ್ಲಿ ಬೆಳೆದ ಶಂಕರ, ಘಟ್ಟದ ಬುಡದ ಪೂರ್ವಿಕರ ನೆಲವನ್ನು ಹುಡುಕಿ ಬರುತ್ತಾನೆ. ಸುಸ್ಥಿರ ಬದುಕು ಎಂಬ ಪದ ಇನ್ನೂ ಬಳಕೆಗೆ ಬಾರದ ದಿನಗಳಲ್ಲಿ ಕಾರಂತರು ಕೇಳುತ್ತಿದ್ದ ಪ್ರಶ್ನೆ ಅದೇ ಆಗಿತ್ತು: ಓದಿದವನು ಎಲ್ಲಿ, ಯಾವುದನ್ನು ನೆಚ್ಚಿ ಬಾಳಬೇಕು?

ಇಲ್ಲೊಂದು ಮಾತನ್ನು ಮರೆಮಾಚಬೇಕಿಲ್ಲ. 1943ರ ‘ಬೆಟ್ಟದ ಜೀವ’ದ ನಾಯಕ ಗೋಪಾಲಯ್ಯ, ಕುಮಾರಪರ್ವತದ ತಪ್ಪಲಿನ ಕಾಡನ್ನು ಕಡಿದು ತೋಟ ಎಬ್ಬಿಸಿದವನು. ಆನೆ-ಹುಲಿಗಳೊಡನೆ ಸೆಣಸಿ ಕೃಷಿ ಮಾಡಿದ ಆ ಮುದುಕನನ್ನು ಲೇಖಕರು ಮೆಚ್ಚುಗೆಯಿಂದಲೇ ಚಿತ್ರಿಸಿದ್ದಾರೆ. ನಾಲ್ಕು ದಶಕಗಳ ತರುವಾಯ ಕಾಡು ಉಳಿಸಿ ಎಂದು ನ್ಯಾಯಾಲಯಕ್ಕೆ ಹೋದವರೂ ಅವರೇ. ಇದನ್ನು ವಿರೋಧಾಭಾಸವೆಂದು ತೋರಿಸಿದವರಿದ್ದಾರೆ. ಕೈಯಲ್ಲಿ ಕತ್ತಿ ಹಿಡಿದು ತನ್ನ ಹೊಟ್ಟೆಗಾಗುವಷ್ಟು ತೋಟ ಮಾಡಿದ ಗೋಪಾಲಯ್ಯನಿಗೂ, ಯಂತ್ರ ತಂದು ಒಂದೇ ಋತುವಿನಲ್ಲಿ ಬೆಟ್ಟ ಬೋಳಿಸುವ ಯೋಜನೆಗಳಿಗೂ ಇರುವ ಅಂತರ ಅಂಥವರ ಲೆಕ್ಕಕ್ಕೆ ಬಂದಂತಿಲ್ಲ. ಜೊತೆಗೆ, 1943ರ ಘಟ್ಟವೇ ಬೇರೆ, 1983ರ ಘಟ್ಟವೇ ಬೇರೆ. ಕಾರಂತರು ಎರಡನ್ನೂ ನಡೆದು ನೋಡಿದ್ದರು.

ಮೂಕಾಂಬಿಕೆಯ ಹೆಸರಿನ ಅಜ್ಜಿ

ದೇವರ ವಿಚಾರದಲ್ಲಿ ಕಾರಂತರು ಸಂದೇಹವಾದಿ. ಆದರೂ ಅವರಿಗೆ ಜ್ಞಾನಪೀಠ ಪ್ರಶಸ್ತಿ ತಂದುಕೊಟ್ಟ ಕೃತಿಯ ಅಜ್ಜಿ ಹೊತ್ತಿರುವುದು ಕೊಲ್ಲೂರಿನ ದೇವಿಯ ಹೆಸರನ್ನು. 1968ರಲ್ಲಿ ಪ್ರಕಟವಾದ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ಮೂಕಾಂಬಿಕೆ ಎಂಬ ಬಾಲವಿಧವೆ ಮುಪ್ಪಿನಲ್ಲಿ ಅಶ್ವತ್ಥದ ನೆರಳಿನಲ್ಲಿ ಕುಳಿತು, ಓದಿದ ಮೊಮ್ಮಗ ಸುಬ್ರಾಯನಿಗೆ ಸಾವಿರಾರು ವರ್ಷಗಳ ಹಿಂದಿನ ಮನುಷ್ಯ, ಅವನ ದೇವರು, ಅವನ ಗವಿ, ಅವನ ಹಸಿವುಗಳನ್ನು ಕಂಡಂತೆ ಹೇಳುತ್ತಾಳೆ. ಪದವಿಯುಳ್ಳ ಮೊಮ್ಮಗ ಕೇಳುತ್ತಾನೆ, ಅಕ್ಷರವಿಲ್ಲದ ಅಜ್ಜಿ ಕಲಿಸುತ್ತಾಳೆ. ಕಾರಂತರ ಶಿಕ್ಷಣ ಸಿದ್ಧಾಂತಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಈ ಕೃತಿಗೆ 1977ನೇ ಸಾಲಿನ ಜ್ಞಾನಪೀಠ ಬಂದಾಗ ಕಾರಂತರಿಗೆ ಎಪ್ಪತ್ತೈದು. ಅದಕ್ಕೂ ಮೊದಲೇ, 1959ರಲ್ಲಿ, ‘ಯಕ್ಷಗಾನ ಬಯಲಾಟ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತ್ತು. 1968ರಲ್ಲಿ ದೊರೆತಿದ್ದ ಪದ್ಮಭೂಷಣವನ್ನು 1975ರಲ್ಲಿ ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಹಿಂದಿರುಗಿಸಿದ್ದರು. ಪುತ್ತೂರು ಬಿಟ್ಟು ಕೋಟದ ನೆರೆಯ ಸಾಲಿಗ್ರಾಮಕ್ಕೆ ಬಂದು ನೆಲೆಸಿದ್ದರು. ಸನ್ಮಾನ ಸ್ವೀಕರಿಸುತ್ತ, ಆತ್ಮಕಥೆ ತಿದ್ದುತ್ತ ಕಾಲ ಕಳೆಯಬಹುದಾಗಿದ್ದ ವಯಸ್ಸು ಅದು.

ಯಾವ ಗಿಡ, ಯಾರ ನೆಲ?

ಆ ವೇಳೆಗೆ ಪಶ್ಚಿಮ ಘಟ್ಟದ ಚಿತ್ರ ಬದಲಾಗುತ್ತಿತ್ತು. ಮೂಕಾಂಬಿಕಾ ವನ್ಯಜೀವಿಧಾಮವೇನೋ 1974ರಲ್ಲಿ 247 ಚದರ ಕಿಲೋಮೀಟರ್ ವ್ಯಾಪ್ತಿಯಲ್ಲಿ ಘೋಷಣೆಯಾಗಿತ್ತು. ಉತ್ತರ ಕನ್ನಡದಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ವಿರುದ್ಧ ರೈತರು ಮತ್ತು ವಿಜ್ಞಾನಿಗಳು ಒಟ್ಟಾಗಿ ನಿಂತು ಅದನ್ನು ತಡೆದರು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿ ಭಾಗದ ಯುವಕರು ಕಾಡಿಗೆ ನಡೆದುಹೋಗಿ, ಕೊಡಲಿ ಬೀಳಬೇಕಿದ್ದ ಮರಗಳನ್ನು ತಬ್ಬಿ ನಿಂತರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹೀಗೆ, ಬಾಳೆಗದ್ದೆಯ ಒಂದು ಯುವಕ ಮಂಡಲಿಯ ಉತ್ಸಾಹದಿಂದ. 1987ರ ನವೆಂಬರಿನಿಂದ ಮೂರು ತಿಂಗಳ ಕಾಲ ನಡೆದ ಪಶ್ಚಿಮ ಘಟ್ಟ ಉಳಿಸಿ ಪಾದಯಾತ್ರೆಯಲ್ಲೂ ಎಳೆಯರದೇ ಹೆಚ್ಚುಗಾರಿಕೆ.

ಈ ಹೊತ್ತಿನಲ್ಲಿ ಕಾರಂತರು ಕೈಗೆತ್ತಿಕೊಂಡದ್ದು ಅನುವಾದದ ಕೆಲಸ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಭಾರತದ ಪರಿಸರದ ಸ್ಥಿತಿಗತಿ ಕುರಿತು 1982ರಲ್ಲಿ ಮೊದಲ ನಾಗರಿಕ ವರದಿಯನ್ನು ಹೊರತಂದಿತ್ತು. ಅಂಕಿ-ಅಂಶಗಳು ತುಂಬಿದ ಆ ಬೃಹತ್ ವರದಿಯನ್ನು ಎಂಬತ್ತು ದಾಟಿದ ಕಾದಂಬರಿಕಾರರು ಕನ್ನಡಕ್ಕೆ ತಂದರು. ಅನಂತರ ಅದರಲ್ಲಿನ ವಿಚಾರಗಳನ್ನು ಹೊತ್ತು ಶಾಲೆ-ಕಾಲೇಜುಗಳಲ್ಲಿ, ಸಂಘ-ಸಂಸ್ಥೆಗಳಲ್ಲಿ ಭಾಷಣ ಮಾಡುತ್ತ ರಾಜ್ಯ ಸುತ್ತಿದರು. ಜ್ಞಾನಪೀಠ ಪಡೆದ ಸಾಹಿತಿಯೊಬ್ಬ ಬೇರೆಯವರ ವರದಿಯನ್ನು ಅನುವಾದಿಸುತ್ತ ಕೂರುವುದು ಸಾಹಿತ್ಯಲೋಕದಲ್ಲಿ ಸಾಮಾನ್ಯ ದೃಶ್ಯವಲ್ಲ.

ಅದೇ ಕಾಲಕ್ಕೆ ಸರಕಾರವೂ ಗಿಡ ನೆಡುತ್ತಿತ್ತು. 1983ರಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ಸಾಮಾಜಿಕ ಅರಣ್ಯ ಯೋಜನೆ ಕರ್ನಾಟಕದಲ್ಲಿ ಆರಂಭವಾಯಿತು. ಶಾಲಾ ಅಂಗಳಗಳಲ್ಲಿ ನರ್ಸರಿಗಳು ಎದ್ದವು. ವನಮಹೋತ್ಸವದ ದಿನ ವಿದ್ಯಾರ್ಥಿಗಳು ಸಾಲುಗಟ್ಟಿ ಸಸಿ ನೆಟ್ಟರು. ನೆಟ್ಟದ್ದು ಬಹುಮಟ್ಟಿಗೆ ಬಯಲುಸೀಮೆಯಲ್ಲಿ ನೀಲಗಿರಿ, ಕರಾವಳಿಯ ಮುರಕಲ್ಲು ಗುಡ್ಡಗಳಲ್ಲಿ ಅಕೇಶಿಯಾ. ದನ ಮುಟ್ಟದ, ಹಕ್ಕಿಗೆ ಹಣ್ಣು ಕೊಡದ, ಕಾರ್ಖಾನೆಗೆ ಮಾತ್ರ ಬೇಕಾದ ಮರಗಳು. ಸೇವೆಯ ಹೆಸರಿನಲ್ಲಿ ಬೆವರು ಸುರಿಸಿದ ಹುಡುಗರಿಗೆ ಈ ಲೆಕ್ಕವನ್ನು ಯಾರೂ ಹೇಳಿರಲಿಲ್ಲ. ಗಿಡ ನೆಡುವ ಮೊದಲು ಯಾವ ಗಿಡ, ಯಾರ ನೆಲದಲ್ಲಿ, ಯಾರ ಉಪಯೋಗಕ್ಕೆ ಎಂದು ಕೇಳಬೇಕೆಂಬ ಅರಿವು ನಾಡಿನಲ್ಲಿ ಮೂಡಿದ್ದು ಕಾರಂತರೂ ಪಾಲುಗೊಂಡ ಒಂದು ಹೋರಾಟದಿಂದ.

1984ರಲ್ಲಿ ರಾಜ್ಯ ಸರಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಯನ್ನು ಕಟ್ಟಿದ್ದವು. ನೀಲಗಿರಿ ಬೆಳೆಸಿ ಕಾರ್ಖಾನೆಗೆ ಒದಗಿಸಲು ಸುಮಾರು 30 ಸಾವಿರ ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಅದಕ್ಕೆ ವಹಿಸುವ ಏರ್ಪಾಡು. ಹಳ್ಳಿಗರ ಮಟ್ಟಿಗೆ ಅದು ದನ ಮೇಯುವ, ಸೌದೆ ತರುವ ನೆಲ. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠ ಮತ್ತು ಸಂಗಡಿಗರು ಇದರ ವಿರುದ್ಧ ನಿಂತರು. 1986ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹೋಯಿತು. ಮೊದಲ ಅರ್ಜಿದಾರರ ಹೆಸರು ಶಿವರಾಮ ಕಾರಂತ, ವಯಸ್ಸು ಎಂಬತ್ತನಾಲ್ಕು. ಮರುವರ್ಷ ನ್ಯಾಯಾಲಯದಿಂದ ತಡೆಯಾಜ್ಞೆ ಬಂತು.

1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಕಂಪನಿಯ ನೀಲಗಿರಿ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತು, ಆ ಜಾಗದಲ್ಲಿ ಹಣ್ಣಿನ, ಮೇವಿನ ಗಿಡಗಳನ್ನು ಹಚ್ಚಲಾಯಿತು. ಗಿಡ ಕೀಳುವುದೂ ಪರಿಸರ ಸೇವೆಯಾಗಬಲ್ಲದು ಎಂದು ನಾಡಿಗೆ ತೋರಿದ ದಿನವದು. ನಾಲ್ಕು ವರ್ಷ ಕಳೆಯುವುದರೊಳಗೆ, 1991ರಲ್ಲಿ, ಕಂಪನಿಯನ್ನೇ ಮುಚ್ಚುವ ತೀರ್ಮಾನವಾಯಿತು.

ಕೈಗಾದ ಸೋಲು

ಎಲ್ಲ ಹೋರಾಟಗಳೂ ಹೀಗೆ ಕೊನೆಗೊಳ್ಳಲಿಲ್ಲ. ಕಾಳಿ ನದಿಯ ಕಣಿವೆಯಲ್ಲಿ, ಕದ್ರಾ ಜಲಾಶಯದ ಮೇಲ್ಭಾಗದ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಕಟ್ಟುವ ನಿರ್ಧಾರವನ್ನು ಕಾರಂತರು ಪ್ರಬಲವಾಗಿ ವಿರೋಧಿಸಿದರು. ದಟ್ಟ ಕಾಡಿನ ನಡುವೆ ಇಂಥ ಸ್ಥಾವರವೇಕೆ, ವಿಕಿರಣದ ಅಪಾಯಕ್ಕೆ ಹೊಣೆ ಯಾರು, ಸಾವಿರಾರು ವರ್ಷ ಕಾಯಬೇಕಾದ ತ್ಯಾಜ್ಯವನ್ನು ಎಲ್ಲಿಡುತ್ತೀರಿ ಎಂಬವು ಚಳವಳಿಯ ಪ್ರಶ್ನೆಗಳು. 1986ರ ಏಪ್ರಿಲಿನ ಚೆರ್ನೋಬಿಲ್ ದುರಂತ ಆ ಪ್ರಶ್ನೆಗಳಿಗೆ ಹೊಸ ಭಾರ ತಂದಿತ್ತು. ಕಾರಂತರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು.

1989ರ ನವೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕೆನರಾ ಕ್ಷೇತ್ರದಿಂದ ಅವರು ಸ್ವತಂತ್ರ ಅಭ್ಯರ್ಥಿಯಾಗಿ ಕಣಕ್ಕಿಳಿದದ್ದು ಈ ಹಿನ್ನೆಲೆಯಲ್ಲಿ. ವಯಸ್ಸು ಎಂಬತ್ತೇಳು. ಪಕ್ಷವಿಲ್ಲ, ಹಣವಿಲ್ಲ, ಜಾತಿಯ ಲೆಕ್ಕಾಚಾರ ಮೊದಲೇ ಇಲ್ಲ. ಗೆದ್ದು ದೆಹಲಿಗೆ ಹೋಗುವುದು ಅವರ ಉದ್ದೇಶವೂ ಆಗಿರಲಿಲ್ಲ. ಚುನಾವಣೆಯ ನೆಪದಲ್ಲಿ ಪರಿಸರದ ವಿಚಾರವನ್ನು ಜನರ ಮುಂದಿಡಬೇಕಿತ್ತು. ಕ್ಷೇತ್ರ ಮತ್ತೆ ಕಾಂಗ್ರೆಸ್ಸಿನ ಪಾಲಾಯಿತು. ಕಾರಂತರು ಸೋತರು. ಕಾಡು, ನದಿಗಳನ್ನೇ ಮುಂದಿಟ್ಟು ಇಷ್ಟು ದೊಡ್ಡ ಹೆಸರಿನ ಅಭ್ಯರ್ಥಿಯೊಬ್ಬ ಮತ ಕೇಳಿದ ಉದಾಹರಣೆ ಕರ್ನಾಟಕದಲ್ಲಿ ಅದಕ್ಕೂ ಮುಂಚೆ ಸಿಗುವುದು ಕಷ್ಟ.

ಕಾಮಗಾರಿ ನಿಲ್ಲಲಿಲ್ಲ. 1994ರ ಮೇ 13ರಂದು ನಿರ್ಮಾಣ ಹಂತದಲ್ಲಿದ್ದ ಘಟಕವೊಂದರ ಕಾಂಕ್ರೀಟ್ ಗುಮ್ಮಟದ ಒಳಪದರ ಕುಸಿದು ಬಿತ್ತು. ಇಂಧನ ತುಂಬುವ ಮೊದಲೇ ಆದ ಅವಘಡವಾದ್ದರಿಂದ ವಿಕಿರಣದ ಭಯವಿರಲಿಲ್ಲ. ಆದರೆ ವಿನ್ಯಾಸವನ್ನು ಮರುಪರಿಶೀಲಿಸಬೇಕಾಯಿತು, ಕೆಲಸ ಹಲವು ವರ್ಷ ಹಿಂದೆ ಬಿತ್ತು. ಮೊದಲ ಎರಡು ಘಟಕಗಳು 2000ನೇ ಇಸವಿಯಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ಸೇರಿಕೊಂಡವು. ಒಂದೊಂದರ ಸಾಮರ್ಥ್ಯ 220 ಮೆಗಾವಾಟ್. ಮೊದಲ ಘಟಕ 2018ರ ಅಂತ್ಯಕ್ಕೆ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಬರೆಯಿತು ಎಂಬುದನ್ನೂ ಇಲ್ಲಿ ದಾಖಲಿಸುವುದು ನ್ಯಾಯ. ಸ್ಥಾವರದ ಪರ ಇರುವವರು ಕಾರಂತರ ಆತಂಕ ಅತಿಯಾಯಿತೆನ್ನಲು ಈ ಅಂಕಿಯನ್ನೇ ಮುಂದಿಡಬಹುದು. ತ್ಯಾಜ್ಯದ ಕುರಿತ ಪ್ರಶ್ನೆಯನ್ನು ಈ ದಾಖಲೆ ಮುಟ್ಟುವುದಿಲ್ಲ.

ಕಾರಂತರ ಸ್ವಭಾವ ಮೃದುವಲ್ಲ. ಮಾತು ಖಡಕ್. ಸಮಯಕ್ಕೆ ತಪ್ಪಿದವರನ್ನು, ಸಿದ್ಧತೆಯಿಲ್ಲದೆ ಪ್ರಶ್ನೆ ಕೇಳಿದವರನ್ನು ಮುಖಕ್ಕೆ ಹೊಡೆದಂತೆ ಗದರುತ್ತಿದ್ದರೆಂಬುದು ಕರಾವಳಿಯಲ್ಲಿ ಮನೆಮಾತು. ಅದೇ ಕಾರಂತರು ಶಾಲಾ ಮಕ್ಕಳ ಕಾಗದಕ್ಕೂ ಸ್ವಂತ ಕೈಬರಹದಲ್ಲಿ ಉತ್ತರಿಸುತ್ತಿದ್ದರು. ಘೋಷಣೆ ಕೂಗುವ ನೂರು ಹುಡುಗರಿಗಿಂತ ತನ್ನ ಹಿತ್ತಲಿನ ಹತ್ತು ಗಿಡಗಳ ಹೆಸರು ಬಲ್ಲ ಒಬ್ಬ ಹುಡುಗ ಅವರಿಗೆ ಹೆಚ್ಚು ಪ್ರಿಯನಾಗುತ್ತಿದ್ದನೆಂದು ಅವರ ಬದುಕನ್ನು ಬಲ್ಲ ಯಾರಿಗಾದರೂ ಅನಿಸೀತು.

‘ಕಡಲ ತೀರದ ಭಾರ್ಗವ’ನೆಂದು ನಾಡು ಕರೆದ ಕಾರಂತರು 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಕೊನೆಯುಸಿರೆಳೆದರು. ಕೋಟತಟ್ಟುವಿನಲ್ಲಿ ಅವರ ಹೆಸರಿನ ಥೀಮ್ ಪಾರ್ಕ್ ಇದೆ, ಪುತ್ತೂರಿನ ಬಾಲವನ ಸ್ಮಾರಕವಾಗಿ ಉಳಿದಿದೆ. ಎರಡೂ ಕಡೆಗೆ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ.

ತೊಂಬತ್ತೈದರ ಹರೆಯದಲ್ಲಿ, ಬದುಕಿನ ಕಟ್ಟಕಡೆಯ ದಿನಗಳಲ್ಲಿ, ಅವರು ಬರೆದದ್ದು ಹಕ್ಕಿಗಳ ಕುರಿತಾದ ಒಂದು ಪುಸ್ತಕ. ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು 2002ರಲ್ಲಿ, ಕಾರಂತರ ಜನ್ಮಶತಾಬ್ದಿಯ ವರ್ಷ, ಪ್ರಕಟಿಸಿತು.